ಹೋಗಿ ಬನ್ನಿ ಅನ್ನುವ ಕಾರು

ಗೊಂಬೊ ಕಾರು ನಿಲ್ಲಿಸುವುದನ್ನು ನೋಡಲಿಕ್ಕೆಂದೇ ಓಣಿಯ ಜನ ಚಹಾದ ಬಟ್ಟಲು ಕೈಯಲ್ಲಿ ಹಿಡಿದು ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದರು. ಮಂಗೋಲಿಯದ ರಾಜಧಾನಿ ಉಲಾನ್‌ಬಾತರದ ಉತ್ತರದ ಗುಡ್ಡಕ್ಕೆ ಅಂಟಿಕೊಂಡಿರುವ ಕಡಿದಾದ ಓಣಿ ಅದು. ಅಲ್ಲಿ ಕಾರಿಲ್ಲದ ಮನೆ ಕಡಿಮೆ, ಕಾರು ನೆಟ್ಟಗೆ ನಿಲ್ಲಿಸಲು ಬರುವವರು ಅದಕ್ಕಿಂತ ಕಡಿಮೆ. ಗೊಂಬೊ ಮಾತ್ರ ಕೆಳಗಿನಿಂದ ಹಿಂಬದಿಯಾಗಿ ಏರಿಸಿಕೊಂಡು ಬಂದು, ಕಾರಿನ ಮೂತಿ ಇಳಿಜಾರಿನ ಕಡೆಗೇ ಇರುವಂತೆ ನಿಲ್ಲಿಸುತ್ತಿದ್ದ. ಇಳಿದು ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ಮುಂಭಾಗಕ್ಕೆ ಹಳೆಯ ಉಣ್ಣೆ ಕಂಬಳಿ ಹೊದಿಸುತ್ತಿದ್ದ. ನಾಲ್ಕು ಹೆಜ್ಜೆ ದೂರ ನಡೆದು ಹೋಗುತ್ತಿದ್ದಂತೆ ಕಾರು ಹಿಂದಿನಿಂದ ‘ಪೀಂ, ಪೀಂ, ಪೀಂ’ ಎನ್ನುತ್ತಿತ್ತು. ಗೊಂಬೊ ತಿರುಗಿ ನೋಡದೆ, ಬಲಗೈಯನ್ನು ಕಿವಿಯ ಮಟ್ಟಕ್ಕೆ ಎತ್ತಿ ಬೀಳ್ಕೊಡುಗೆ ಸ್ವೀಕರಿಸುತ್ತಿದ್ದ. ಅಷ್ಟಾದ ಮೇಲೆ ಜನ ತಮ್ಮ ಚಹಾ ಮುಗಿಸಿ ಒಳಗೆ ಹೋಗುತ್ತಿದ್ದರು.

ಇದನ್ನು ನೋಡಿ ಯಾರೂ ನಗುತ್ತಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಗೊಂಬೊ ಎಂದರೆ ಅಲ್ಲಿಯವರಿಗೆ ‘ಗೊಂಬೊ ಗುವಾಯ್’. ನಮ್ಮಲ್ಲಿ ಹಿರಿಯರಿಗೆ ‘ಅವರೇ’ ಎಂದು ಸೇರಿಸುವ ಹಾಗೆ ಅಲ್ಲಿ ಗುವಾಯ್. ಜೀವಮಾನವೆಲ್ಲ ರಷ್ಯದ ಲಾರಿ ಓಡಿಸಿದವನು. ಗೋಬಿ ಮರುಭೂಮಿಯ ಕಡೆಗೆ ಹಿಟ್ಟು ಒಯ್ದು ಉಣ್ಣೆ ತುಂಬಿಕೊಂಡು ಬರುತ್ತಿದ್ದವನು. ಒಂದು ಅಪಘಾತವನ್ನೂ ಮಾಡಲಿಲ್ಲವೆಂದು ಸರ್ಕಾರ ಕೊಟ್ಟ ಪದಕ ಅವನ ಹಬ್ಬದ ಅಂಗಿಯ ಮೇಲೆ ಇವತ್ತಿಗೂ ಇದೆ. ಆ ಲಾರಿಗಳ ಎಂಜಿನ್ ಆರಿಸುವುದೇ ಒಂದು ದೊಡ್ಡ ಕೆಲಸ. ಕೀ ತಿರುಗಿಸಿದ ಮೇಲೂ ಅವು ಕೆಮ್ಮಿ, ಉಗುಳಿ, ಮೈಯೆಲ್ಲ ನಡುಗಿಸಿ, ಕೊನೆಗೊಮ್ಮೆ ಭುಸ್ಸೆಂದು ಉಸಿರು ಬಿಟ್ಟೇ ಸುಮ್ಮನಾಗುತ್ತಿದ್ದವು. ಆ ಕೊನೆಯ ಉಸಿರು ಕಿವಿಗೆ ಬಿದ್ದ ಮೇಲೆಯೇ ಚಾಲಕನಾದವನು ಇಳಿದು ಹೋಗಬೇಕು. ಗೊಂಬೊ ಕಲಿತ ವಿದ್ಯೆ ಅದು.

ಅಂಥವನಿಗೆ ಮಗಳು ಸರಂತುಯಾ ಜಪಾನಿನಲ್ಲಿ ಓಡಿ ಬಂದ ಒಂದು ಹೈಬ್ರಿಡ್ ಕಾರು ತಂದು ಕೊಟ್ಟಳು. ಅವಳು ಪಟ್ಟಣದ ಒಂದು ಕಚೇರಿಯಲ್ಲಿ ದೊಡ್ಡ ಕೆಲಸದಲ್ಲಿದ್ದಳು, ಯಾವಾಗಲೂ ಅವಸರದಲ್ಲಿರುತ್ತಿದ್ದಳು.

“ಅಪ್ಪಾ, ಇದರಲ್ಲಿ ಪೆಟ್ರೋಲೂ ಇದೆ, ಬ್ಯಾಟರೀನೂ ಇದೆ. ನಿಂತಾಗ ಸದ್ದು ಮಾಡಲ್ಲ.”

“ಸದ್ದೇ ಮಾಡದಿದ್ರೆ ಬದುಕಿದೆ ಅಂತ ಹೇಗಮ್ಮ ಗೊತ್ತಾಗ್ಬೇಕು?”

“ಈ ಗುಂಡಿ ಒತ್ತಿದ್ರೆ ಆನ್. ಇನ್ನೊಂದ್ಸಲ ಒತ್ತಿದ್ರೆ ಆಫ್. ಕೀ ಜೇಬಲ್ಲೇ ಇರ್ಲಿ, ತೆಗೆಯೋದೂ ಬೇಡ.”

“ಎರಡಕ್ಕೂ ಒಂದೇ ಗುಂಡಿ! ಹುಟ್ಟೋದಕ್ಕೂ ಸಾಯೋದಕ್ಕೂ ಒಂದೇ ಗುಂಡಿ ಇಟ್ಟವನಿಗೆ ಬುದ್ಧಿ ಇದೆಯಾ?”

“ಸುಮ್ನೆ ಕಲಿತ್ಕೋ ಮುದುಕ,” ಎಂದಳು ಅವನ ಹೆಂಡತಿ ದೂಲ್ಮಾ. “ಅದಕ್ಕಾದ್ರೂ ಗುಂಡಿ ಇದೆ. ನಿನ್ನನ್ನ ಸುಮ್ಮನಾಗ್ಸೋ ಗುಂಡಿ ನಾನಿನ್ನೂ ಹುಡುಕ್ತಾ ಇದ್ದೀನಿ.”

ಮೊದಲ ಕೆಲವು ದಿನ ಗೊಂಬೊ ಪಟ್ಟ ಪಾಡು ಹೇಳತೀರದು. ಗುಂಡಿ ಒತ್ತುತ್ತಿದ್ದ, ಇಳಿಯುತ್ತಿದ್ದ, ಕಾರಿನ ಮುಂಭಾಗಕ್ಕೆ ಕಿವಿ ಇಟ್ಟು ನಿಲ್ಲುತ್ತಿದ್ದ. ಸದ್ದಿಲ್ಲ. ಆರಿತೋ ಇಲ್ಲವೋ? ಮತ್ತೆ ಒಳಗೆ ಕೂರುತ್ತಿದ್ದ, ಮತ್ತೆ ಒತ್ತುತ್ತಿದ್ದ. ಆಗ ಒಳಗಿನಿಂದ ಒಬ್ಬ ಹೆಂಗಸಿನ ದನಿ ಜಪಾನೀ ಭಾಷೆಯಲ್ಲಿ ಬಹಳ ವಿನಯದಿಂದ ಏನೋ ಹೇಳುತ್ತಿತ್ತು. ಗೊಂಬೊ ಅರ್ಥವಾಗದಿದ್ದರೂ ಮರ್ಯಾದೆಗೆ “ಆಯ್ತಮ್ಮ, ಆಯ್ತು” ಅನ್ನುತ್ತಿದ್ದ. ಇದನ್ನು ಕಿಟಕಿಯಿಂದ ಕೇಳಿಸಿಕೊಂಡ ದೂಲ್ಮಾ ಸೌಟು ಹಿಡಿದೇ ಹೊರಗೆ ಬಂದಳು.

“ಇಷ್ಟು ವರ್ಷ ನಿನ್ನ ಜೊತೆ ಸಂಸಾರ ಮಾಡಿದ್ದೀನಿ. ನಾನು ಹೇಳಿದ್ದಕ್ಕೆ ಒಂದೇ ಒಂದ್ಸಲ ಆಯ್ತಮ್ಮ ಅಂದಿದ್ದೀಯಾ?”

ಇಂಥ ಸಂಕಟದಲ್ಲಿರುವಾಗ ಒಂದು ಸಂಜೆ ಅವನು ಗುಂಡಿ ಒತ್ತುವುದನ್ನೇ ಮರೆತು ಇಳಿದ. ಸದ್ದಿರಲಿಲ್ಲವಾದ್ದರಿಂದ ಆರಿದೆ ಎಂದುಕೊಂಡ. ನಾಲ್ಕು ಹೆಜ್ಜೆ ನಡೆದನೋ ಇಲ್ಲವೋ, ‘ಪೀಂ, ಪೀಂ, ಪೀಂ.’ ಗೊಂಬೊ ನಿಂತಲ್ಲೇ ನಿಂತ. ಅವನ ಮುಖ ಅರಳಿತು. ಹುಡುಕುತ್ತಿದ್ದ ಕೊನೆಯ ಉಸಿರು ಸಿಕ್ಕಿತ್ತು. ಅದೂ ಎಂಥದು! ಕೆಮ್ಮಿಲ್ಲ, ಉಗುಳಿಲ್ಲ, ಹೋಗಿ ಬನ್ನಿ ಎಂದು ಮೂರು ಸಲ ಹೇಳಿ ಮಲಗಿಕೊಳ್ಳುವ ಸಂಭಾವಿತ ಕಾರು.

ಮರುದಿನ ಗುಂಡಿ ಸರಿಯಾಗಿಯೇ ಒತ್ತಿ ಇಳಿದ. ಕಾರು ಮೌನ. ನಾಲ್ಕು ಹೆಜ್ಜೆ, ಎಂಟು ಹೆಜ್ಜೆ, ಬಾಗಿಲವರೆಗೆ ಹೋದರೂ ಮೌನ. ಎಲ್ಲೋ ತಪ್ಪಿದೆ ಎಂದು ತಲೆ ಕೆರೆದುಕೊಂಡು ಹಿಂದೆ ಬಂದ. ಕೂತು ಮತ್ತೆ ಒತ್ತಿದ, ದೀಪ ಹೊತ್ತಿಕೊಂಡಿತು, ಹೆಂಗಸು ಮಾತಾಡಿದಳು, ಇಳಿದು ನಡೆದ, ಪೀಂ ಪೀಂ ಪೀಂ ಅಂತು. “ಈಗ ಸರಿ,” ಅಂದುಕೊಂಡು ಒಳಗೆ ಹೋಗಿ ಎರಡು ಬಟ್ಟಲು ಹೆಚ್ಚಿಗೆ ಸಾರು ಕುಡಿದ. ಅಂದಿನಿಂದ ಅದೇ ಪದ್ಧತಿಯಾಯಿತು. ಆ ಮೇಲೆ ಕಾರಿನ ಬಾಗಿಲಿಗೆ ಬೀಗವೂ ಬೀಳುತ್ತಿರಲಿಲ್ಲ. ಜಪಾನಿನಲ್ಲಿ ಕಳ್ಳರಿಲ್ಲವಾದ್ದರಿಂದ ಅಲ್ಲಿಯ ಕಾರಿಗೆ ಬೀಗದ ಅಭ್ಯಾಸವಿಲ್ಲ ಎಂದು ಅವನು ಅದಕ್ಕೂ ಒಂದು ವಿವರಣೆ ಕೊಟ್ಟ.

ಗೊಂಬೊ ಗುವಾಯ್ ಮಾಡಿದ್ದನ್ನು ಓಣಿ ಮಾಡದೆ ಇರುತ್ತದೆಯೇ? ಒಬ್ಬೊಬ್ಬರಾಗಿ ಅಂಥದೇ ಕಾರು ಕೊಂಡವರೆಲ್ಲ ಮೊದಲು ಅವನ ಮನೆಗೆ ಬಂದು, ಅಲ್ಲಿಯ ವಂದನೆಯ ಪದ್ಧತಿಯಂತೆ ನಶ್ಯದ ಸೀಸೆ ಬದಲಾಯಿಸಿಕೊಂಡು, ವಿದ್ಯೆ ಕೇಳುತ್ತಿದ್ದರು. ಪಕ್ಕದ ಮನೆಯ ಬಾಸನ್ ಎಲ್ಲರಿಗಿಂತ ಶ್ರದ್ಧೆಯ ಶಿಷ್ಯ. ಮಾರುಕಟ್ಟೆಯಲ್ಲಿ ಮಾಂಸ ಕಡಿಯುವ ದಾಂಡಿಗ, ಕಾರಿನ ಮುಂದೆ ಮಾತ್ರ ಮದುವಣಿಗನ ಹಾಗೆ ನಾಚುತ್ತಿದ್ದ.

“ಅದು ಹೋಗಿ ಬನ್ನಿ ಅನ್ನದೆ ಇದ್ರೆ ಬಿಟ್ಟು ಬರಬೇಡ ಬಾಸನ್. ಅನ್ನದೆ ಇದ್ರೆ ನಿನ್ನ ಮೇಲೆ ಸಿಟ್ಟಿದೆ ಅಂತ ಅರ್ಥ.”

“ಸಿಟ್ಟಿದ್ರೆ ಏನು ಮಾಡ್ಬೇಕು ಅಖಾ?” ಅಖಾ ಎಂದರೆ ಅಣ್ಣ.

“ಇನ್ನೊಂದ್ಸಲ ಗುಂಡಿ ಒತ್ತು. ಸಿಟ್ಟು ಇಳಿಯುತ್ತೆ.”

ಹೀಗಾಗಿ ಸಂಜೆಯಾದರೆ ಓಣಿಯ ತುಂಬ ಪೀಂ ಪೀಂ ಪೀಂ, ಬೇಲಿ ಬೇಲಿಯಲ್ಲೂ ಮೇಲೆದ್ದ ಕೈಗಳು. ಕಾರುಗಳು ನಿದ್ದೆ ಹೋದವು ಎಂದು ಜನ ನೆಮ್ಮದಿಯಿಂದ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆದರೆ ಚಳಿಗಾಲ ಬಂದು ಉಗುಳಿದರೆ ನೆಲಕ್ಕೆ ಬೀಳುವ ಮೊದಲೇ ಹೆಪ್ಪುಗಟ್ಟುವ ಹೊತ್ತಿಗೆ, ಕಾರುಗಳು ತಮ್ಮಷ್ಟಕ್ಕೆ ತಾವೇ ಎಚ್ಚರಗೊಳ್ಳತೊಡಗಿದವು. ಯಾರೂ ಮುಟ್ಟಿಲ್ಲ, ಒಳಗೆ ಯಾರೂ ಇಲ್ಲ, ಕಂಬಳಿ ಹೊದ್ದ ಕಾರು ಇದ್ದಕ್ಕಿದ್ದಂತೆ ಗುರ್ರೆನ್ನುವುದು, ಸ್ವಲ್ಪ ಹೊತ್ತು ಗುನುಗಿ ಸುಮ್ಮನಾಗುವುದು. ಅದು ನಿಂತರೆ ಮೇಲಿನ ಮನೆಯದು ಶುರು. ನಾಯಿಗಳಿಗೆ ಹುಚ್ಚು ಹಿಡಿದ ಹಾಗಾಯಿತು. ಬೆಳಿಗ್ಗೆ ನೋಡಿದರೆ ಪೆಟ್ರೋಲ್ ಇಲ್ಲ.

ಕನಸು ಕಾಣುತ್ತವೆ ಎಂದ ಗೊಂಬೊ. ಜಪಾನಿನ ಹಳೆಯ ಮಾಲೀಕರು ನೆನಪಾಗುತ್ತಾರೆ ಎಂದರು ಉಳಿದವರು. ಕೊನೆಗೆ ಎಲ್ಲರೂ ಸೇರಿ ಒಬ್ಬ ಲಾಮಾ ಗುರುವನ್ನು ಕರೆಸಿದರು. ಅವರೂ ಅಂಥದೇ ಕಾರಿನಲ್ಲಿ ಬಂದರು, ಇಳಿದರು, ನಾಲ್ಕು ಹೆಜ್ಜೆ ನಡೆದರು. ಅವರ ಕಾರೂ ಪೀಂ ಪೀಂ ಪೀಂ ಅಂತು. ಗುರುಗಳು ತಿರುಗಿ ಅದಕ್ಕೆ ಕೈಮುಗಿದರು. ಜನಕ್ಕೆ ರೋಮಾಂಚನವಾಯಿತು. ಗುಡ್ಡದ ದೇವತೆಗೆ ಹೊರದೇಶದ ಕಾರುಗಳ ಪರಿಚಯ ಮಾಡಿಸಿಲ್ಲ, ಅದೇ ತೊಂದರೆ ಎಂದು ಅವರು ಕಂಡುಹಿಡಿದರು. ಹೆಂಗಸರು ಚಕ್ರಚಕ್ರಕ್ಕೂ ಹಾಲು ಚಿಮುಕಿಸಿದರು. ಆ ಹಾಲು ಅಲ್ಲೇ ಕಲ್ಲಾಗಿ, ಮರುದಿನ ಅರ್ಧ ಓಣಿ ಬಿಸಿನೀರಿನ ಕೆಟಲು ಹಿಡಿದು ಚಕ್ರ ಬಿಡಿಸುತ್ತ ಕೂತಿತ್ತು. ಈ ಗಲಾಟೆಯ ನಡುವೆ ಗುರುಗಳ ಕಾರು ತಾನಾಗಿಯೇ ಶುರುವಾದದ್ದನ್ನು ಯಾರೂ ಗಮನಿಸಲಿಲ್ಲ.

ಸರಂತುಯಾಗೆ ಮಾತ್ರ ಇದೊಂದೂ ತಮಾಷೆಯಾಗಿ ಕಾಣಲಿಲ್ಲ. ಮಾರುಕಟ್ಟೆಯ ಮುಂದೆ ಅಪ್ಪನ ಕಾರು ತಾನೇ ಗುರ್ರೆನ್ನುತ್ತಿದೆ ಎಂದು ಪೊಲೀಸರೊಬ್ಬರು ಗಾಜಿನೊಳಗೆ ಬರೆದಿಟ್ಟಿದ್ದ ನಂಬರು ನೋಡಿ ಅವಳಿಗೆ ಫೋನ್ ಮಾಡಿದ್ದರು. ಆಮೇಲೆ ಔಷಧಿ ಅಂಗಡಿಯವರೂ ಮಾಡಿದರು. ಅವಳು ಬಂದು ಅಪ್ಪನನ್ನು ಎದುರಿಗೆ ಕೂರಿಸಿಕೊಂಡಳು.

“ನೀವು ಆಫ್ ಮಾಡೋದನ್ನ ಮರೀತಿದ್ದೀರಿ ಅಪ್ಪಾ. ವಯಸ್ಸಾಯ್ತು.”

“ನಾನಾ? ದಿನಾ ಅದು ನನಗೆ ಹೋಗಿ ಬನ್ನಿ ಅನ್ನುತ್ತೆ, ಈ ಕಿವಿಯಿಂದ್ಲೇ ಕೇಳ್ತೀನಿ!”

ಕಾರು ಮಾತಾಡುತ್ತದೆ ಎಂದು ಅಪ್ಪ ಹೇಳಿದ್ದು ಕೇಳಿ ಮಗಳಿಗೆ ಇನ್ನಷ್ಟು ದಿಗಿಲಾಯಿತು. “ನೋಡಿ, ಖಡಾಖಂಡಿತವಾಗಿ ಹೇಳ್ತಿದ್ದೀನಿ. ಗಾಡಿ ಆನ್ ಇಟ್ಟು ಇಳಿದವರಿಗೆ ಗಾಡಿ ಇಲ್ಲ. ಇನ್ನೊಂದ್ಸಲ ಹೀಗಾದ್ರೆ ಕೀ ನನ್ನ ಕೈಗೆ.”

ಆ ದಿನ ಗೊಂಬೊಗೆ ಊಟ ಸೇರಲಿಲ್ಲ. ಕೀ ಹೋದರೆ ಏನು ಹೋದಂತೆ ಎಂಬುದು ದೂಲ್ಮಾಳಿಗೂ ಗೊತ್ತಿತ್ತು. ಆ ಊರಲ್ಲಿ ರಸ್ತೆಬದಿ ಯಾರೇ ಕೈ ಚಾಚಿದರೂ ಕಾರಿದ್ದವನು ನಿಲ್ಲಿಸಿ ಹತ್ತಿಸಿಕೊಳ್ಳುತ್ತಾನೆ. ಗೊಂಬೊ ದಿನವಿಡೀ ಹಾಗೆ ಜನರನ್ನು ಹತ್ತಿಸಿಕೊಂಡು, ಅವರ ಕಷ್ಟಸುಖ ಕೇಳಿ, ತನ್ನ ಗೋಬಿಯ ಕಥೆ ಹೇಳಿ, ಸಂಜೆಗೆ ಮನೆ ಸೇರುತ್ತಿದ್ದ. ಸ್ಟೀರಿಂಗ್ ಹಿಡಿಯದ ಗೊಂಬೊನನ್ನು ಅವನೇ ಗುರುತಿಸುತ್ತಿರಲಿಲ್ಲ. ಹಾಗಾಗಿ ಅವನು ಇನ್ನೂ ಎಚ್ಚರಿಕೆ ವಹಿಸಿದ. ಕಾರು ಮೂರು ಸಲ ಬೀಳ್ಕೊಟ್ಟದ್ದು ಸ್ಪಷ್ಟವಾಗಿ ಕೇಳದೆ ಎಲ್ಲಿಯೂ ಕದಲುತ್ತಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಯಾಂಜಿಮಾ ಎಂಬ ನಡುವಯಸ್ಸಿನ ಹೆಂಗಸು ಅವನ ಕಾರು ಹತ್ತಿದಳು. ಜಪಾನಿನ ಒಂದು ಊಟದ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದು ಮರಳಿದವಳು. ದಾರಿಯಲ್ಲಿ ಗೊಂಬೊ ಇಬ್ಬರಿಗೂ ಬಿಸಿ ಖೂಷೂರ್ ತರುತ್ತೇನೆಂದು ಒಂದು ಅಂಗಡಿಯ ಮುಂದೆ ನಿಲ್ಲಿಸಿದ. ಅಲ್ಲಿಯ ಕುರಿಮಾಂಸದ ಕರಿದ ಕಡುಬೆಂದರೆ ಅವನಿಗೆ ಪ್ರಾಣ. ಇಳಿದ, ನಡೆದ, ಪೀಂ ಪೀಂ ಪೀಂ, ಕೈ ಎತ್ತಿದ. ಮರಳಿ ಬಂದಾಗ ಯಾಂಜಿಮಾ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

“ಯಾಕ್ರೀ ಅದಕ್ಕೆ ಟಾಟಾ ಮಾಡಿದ್ರಿ?”

“ಹೋಗಿ ಬನ್ನಿ ಅನ್ನುತ್ತಲ್ಲ, ಅದಕ್ಕೆ.”

“ಅಯ್ಯೋ ನಿಮ್ಮ! ಅದು ಬೈತಾ ಇರೋದು ಅಖಾ! ಆನ್ ಇಟ್ಟು ಕೀ ಜೇಬಿಗೆ ಹಾಕ್ಕೊಂಡು ಎಲ್ಲಿಗೆ ಹೊರಟೆ ಅಂತ ಕೇಳ್ತಾ ಇದೆ. ಒಳಗೆ ಆ ಹೆಂಗಸೂ ಗೋಳಾಡ್ತಿದ್ಲು. ಆರಿಸಿದ್ರೆ ಅದು ಪಿಟ್ಟೆನ್ನಲ್ಲ.”

“ಮತ್ತೆ ತಾನಾಗೇ ಶುರುವಾಗೋದು?”

“ಆರಿಸ್ದೆ ಬಿಟ್ರೆ ಬ್ಯಾಟರಿ ಇಳಿದಾಗೆಲ್ಲ ಎಂಜಿನ್ ತಾನೇ ಶುರುವಾಗುತ್ತೆ, ಚಳಿಯಲ್ಲಂತೂ ಪದೇ ಪದೇ. ಅದರ ಕೆಲಸಾನೇ ಅದು.”

ಗೊಂಬೊನ ಕೈಯಲ್ಲಿದ್ದ ಖೂಷೂರ್ ತಣ್ಣಗಾಯಿತು. ಮೊದಲು ಬಂದದ್ದು ನಾಚಿಕೆ. ಇಷ್ಟು ಕಾಲ ದಿನಕ್ಕೆ ಹತ್ತು ಸಲ ಬೈಸಿಕೊಂಡು ಕೈ ಎತ್ತಿ ಸ್ವೀಕರಿಸಿದ್ದ! ಆಕೆಯನ್ನು ಇಳಿಸಿ ಗುಡ್ಡದ ಕಡೆ ತಿರುಗಿದ ಮೇಲೆ, ಯಾರಿಗೂ ಹೇಳುವುದು ಬೇಡ, ಇಂದಿನಿಂದ ತೆಪ್ಪಗೆ ಗುಂಡಿ ಒತ್ತಿದರಾಯಿತು, ಕೀ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ ಎಂದುಕೊಂಡ. ಅರ್ಧ ಗುಡ್ಡ ಏರುವಾಗ ಬಾಸನ್ ನೆನಪಾದ. ಬಾಸನ್ ತನ್ನ ಕಾರನ್ನು ಬಯಲಲ್ಲಿ ನಿಲ್ಲಿಸುತ್ತಿರಲಿಲ್ಲ. ಅದಕ್ಕೆ ಚಳಿಯಾಗದಿರಲೆಂದು ಮನೆಯ ಗೋಡೆಗೆ ಅಂಟಿಸಿ ತಗಡಿನ ಕೊಟ್ಟಿಗೆ ಕಟ್ಟಿಸಿದ್ದ. ಒಲೆಯ ಬಿಸಿ ಬರಲೆಂದು ಮೊನ್ನೆಯಷ್ಟೇ ಗೋಡೆಯಲ್ಲಿ ಕಿಂಡಿಯನ್ನೂ ಕೊರೆಸಿದ್ದ. ಕಿಂಡಿಯ ಆಚೆಗೆ ಅವನ ಎಳೆಯ ಮಕ್ಕಳು ಮಲಗುತ್ತಿದ್ದವು. ಗೊಂಬೊ ಕಾರಿನ ವೇಗ ಹೆಚ್ಚಿಸಿದ. ಲಾರಿಯ ಕಾಲದಲ್ಲಿ ಅವನ ಜೊತೆಗಾರ ಪೂರೆವ್ ಒಂದು ಹಿಮದ ರಾತ್ರಿ ಎಂಜಿನ್ ಆರಿಸದೆ, ಗಾಜು ಏರಿಸಿಕೊಂಡು ಮಲಗಿದ್ದ. ಬೆಳಿಗ್ಗೆ ಹೊಗೆ ತುಂಬಿದ ಲಾರಿಯಲ್ಲಿ ಅವನನ್ನು ಎಬ್ಬಿಸಲು ಹೋದವನು ಗೊಂಬೊನೇ, ಪೂರೆವ್ ಏಳಲಿಲ್ಲ.

ಮನೆ ಮುಂದೆ ಜನ ಸೇರಿದ್ದರು. ನಡುವೆ ಸರಂತುಯಾ ನಿಂತಿದ್ದಳು. ಬೆಳಿಗ್ಗೆ ಯಾರೋ ಮತ್ತೆ ಫೋನ್ ಮಾಡಿದ್ದರು. ಓಣಿಯವರು ಮಾತ್ರ ಅವಳನ್ನು ಸುತ್ತುಗಟ್ಟಿ ಗೊಂಬೊನ ಪರವಾಗಿ ವಾದ ಮಾಡುತ್ತಿದ್ದರು.

“ನಿಮ್ಮಪ್ಪನ ತಪ್ಪಿಲ್ಲ ಕಣಮ್ಮ, ನಮ್ಮೆಲ್ಲರ ಕಾರೂ ಹೀಗೇ ಏಳುತ್ವೆ. ಗುರುಗಳೇ ಬಂದು ನೋಡಿ ಹೋಗಿದ್ದಾರೆ.”

“ಗುಡ್ಡದ್ದು ತೊಂದ್ರೆ. ಗುವಾಯ್‌ದಲ್ಲ.”

ಸರಂತುಯಾ ಇಷ್ಟೊಂದು ಬಾಯಿಗಳ ಮುಂದೆ ಸೋಲುವ ಸ್ಥಿತಿಯಲ್ಲಿದ್ದಳು. ಗೊಂಬೊ ಸುಮ್ಮನಿದ್ದಿದ್ದರೆ ಸಾಕಿತ್ತು. ಅವನು ಕಾರು ನಿಲ್ಲಿಸಿ, ಗುಂಡಿ ಒತ್ತಿ, ಇಳಿದ. ಕಾರು ಏನೂ ಅನ್ನಲಿಲ್ಲ. ಜನ ಗಾಬರಿಯಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಅದು ಹೋಗಿ ಬನ್ನಿ ಅಂತಿರಲಿಲ್ಲ,” ಎಂದ ಗೊಂಬೊ. “ನನ್ನನ್ನ ಬೈತಿತ್ತು. ನಾನು ಆರಿಸದೆ ಇಳೀತಿದ್ದೆ. ನಿಮಗೂ ಅದನ್ನೇ ಕಲಿಸಿದೆ. ಇವತ್ತಿಂದ ಗುಂಡಿ ಒತ್ತಿ, ಸದ್ದಿಲ್ಲದೆ ಬಿಟ್ಟು ಬನ್ನಿ.” ಹಾಗೆಂದು ಜೇಬಿನಿಂದ ಕೀ ತೆಗೆದು ಮಗಳ ಅಂಗೈ ಮೇಲಿಟ್ಟ.

ಅವನ ಜೀವನದಲ್ಲೇ ಅಷ್ಟು ಕಷ್ಟದ ಮಾತನ್ನು ಅವನು ಆಡಿರಲಿಲ್ಲ. ಆದರೆ ಒಬ್ಬರೂ ನಂಬಲಿಲ್ಲ.

“ಎಂಥ ದೊಡ್ಡ ಮನಸ್ಸು ನೋಡಿ! ನಮ್ಮೆಲ್ಲರ ತಪ್ಪನ್ನ ತಲೆ ಮೇಲೆ ಹಾಕ್ಕೊಳ್ತಿದ್ದಾರೆ,” ಎಂದು ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಮಾರುಕಟ್ಟೆಯಿಂದ ಬಾಸನ್‌ನ ಕಾರು ಬಂತು. ಅವನು ಎಲ್ಲರಿಗೂ ತಲೆಯಾಡಿಸುತ್ತ ನೇರ ಕೊಟ್ಟಿಗೆಗೆ ನುಗ್ಗಿಸಿ, ಇಳಿದು, ತಗಡಿನ ಬಾಗಿಲು ಎಳೆದ. ಒಳಗಿನಿಂದ ಪೀಂ ಪೀಂ ಪೀಂ. ಬಾಸನ್ ಕೈ ಎತ್ತಿದ.

ಗೊಂಬೊ ಓಡಿದ. ದಪ್ಪ ಉಣ್ಣೆಯ ಬೂಟಿನಲ್ಲಿ, ಹಾಲು ಹೆಪ್ಪುಗಟ್ಟಿದ ನೆಲದ ಮೇಲೆ ಎರಡು ಸಲ ಜಾರಿ, ಒಂದು ಸಲ ಕೂತೇಬಿಟ್ಟು, ಎದ್ದು ಓಡಿದ. ಬಾಸನ್‌ನನ್ನು ಪಕ್ಕಕ್ಕೆ ತಳ್ಳಿ ಬಾಗಿಲು ತೆರೆದು, ಕಾರಿನೊಳಗೆ ಅರ್ಧ ಮೈ ತೂರಿಸಿ ಗುಂಡಿ ಒತ್ತಿದ. ದೀಪಗಳೆಲ್ಲ ಆರಿದವು.

“ಏನ್ ಮಾಡಿದ್ರಿ ಅಖಾ! ಈಗ ಮಾತೇ ಆಡ್ತಿಲ್ಲ! ಸಿಟ್ಟು ಬಂತು ಅದಕ್ಕೆ!”

“ಬರ್ಲಿ!” ಗೊಂಬೊ ಏದುಸಿರು ಬಿಡುತ್ತ ಅವನ ಕಾಲರ್ ಹಿಡಿದುಕೊಂಡ. “ಸಿಟ್ಟಾಗೇ ಇರ್ಲಿ! ಸಿಟ್ಟಾದ ಕಾರು ಹೊಗೆ ಉಗುಳಲ್ಲ. ನಿನ್ನ ಮಕ್ಕಳು ಬೆಳಿಗ್ಗೆ ಏಳ್ಬೇಕು ತಾನೆ? ಇನ್ನೊಂದ್ಸಲ ಇದನ್ನ ಸಮಾಧಾನ ಮಾಡಿದ್ಯೋ, ನಿನ್ನ ಕೈ ಮುರೀತೀನಿ.”

ಬಾಸನ್ ಕಿಂಡಿಯ ಕಡೆ ನೋಡಿದ. ಆಚೆಯಿಂದ ಮಗು ಅಳುವ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಅಂದೇ ಆ ಕಿಂಡಿಗೆ ಉಣ್ಣೆ ತುರುಕಿ ಮಣ್ಣು ಮೆತ್ತಿದ.

ಸರಂತುಯಾ ಇದನ್ನೆಲ್ಲ ನೋಡಿದಳು. ಆದರೂ ಆಡಿದ ಮಾತು ಆಡಿದ್ದೇ ಎಂದು ಕಾರು ತಾನೇ ಓಡಿಸಿಕೊಂಡು ಹೋದಳು. ಗೊಂಬೊ ತಡೆಯಲಿಲ್ಲ. ಅಂದಿನಿಂದ ಸಂಜೆಯಾದರೆ ಅವನು ನಡೆದುಕೊಂಡೇ ಓಣಿ ಸುತ್ತುತ್ತಿದ್ದ. ಬೇಲಿ ಬೇಲಿಯ ಬಳಿ ನಿಂತು “ಗುಂಡಿ ಒತ್ತಿದ್ಯಾ? ಸಿಟ್ಟಲ್ಲಿದೆಯಾ? ಹಾಂ, ಸರಿ,” ಅನ್ನುತ್ತಿದ್ದ. ಆರಿಸಬೇಕು ಎಂದರೆ ನಂಬದ ಜನ, ಸಿಟ್ಟು ಬರಿಸಬೇಕು ಎಂದರೆ ಕೂಡಲೇ ಒಪ್ಪಿದರು. ಹೀಗೆ ಇಡೀ ಓಣಿಯ ಕಾರುಗಳು ಮುನಿಸಿಕೊಂಡು ಬೆಳತನಕ ತೆಪ್ಪಗೆ ಬಿದ್ದುಕೊಂಡವು. ಪೆಟ್ರೋಲೂ ಉಳಿಯಿತು. ಅದೆಲ್ಲ ಹಾಲು ಚಿಮುಕಿಸಿದ್ದರ ಫಲವೆಂದು ಗುರುಗಳಿಗೆ ಒಂದು ಕುರಿ ಹೋಯಿತು.

ಗೊಂಬೊ ಮಾತ್ರ ಸೊರಗಿದ. ಪಟ್ಟಣಕ್ಕೆ ಹೋಗಬೇಕಾದರೆ ರಸ್ತೆಬದಿ ನಿಂತು ಬೇರೆಯವರ ಕಾರಿಗೆ ಕೈ ಚಾಚಬೇಕು. ಪಕ್ಕದ ಸೀಟಿನಲ್ಲಿ ಕೂತರೆ ಅವನ ಕಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಯಾರಿಗೂ ಗೋಬಿಯ ಕಥೆ ಹೇಳಲು ಮನಸ್ಸಾಗುತ್ತಿರಲಿಲ್ಲ. ಮನೆಯಲ್ಲಿ ಅವನು ಜಗಳವನ್ನೂ ಬಿಟ್ಟಿದ್ದ. ಅದಕ್ಕೇ ದೂಲ್ಮಾಳಿಗೆ ನಿಜವಾಗಿ ಭಯವಾದದ್ದು.

ಹೊಸವರ್ಷದ ಹಬ್ಬ ಬಂತು. ದೂಲ್ಮಾ ಹಿಟ್ಟು ಹರಡಿಕೊಂಡು ಮಾಂಸದ ಕಡುಬು ಕಟ್ಟುತ್ತಿದ್ದಳು, ಗೊಂಬೊ ಪಕ್ಕದಲ್ಲಿ ಉಪ್ಪಿನ ಚಹಾ ಕುಡಿಯುತ್ತ ಕೂತಿದ್ದ. ಹೊರಗೆ ಕಾರು ಬಂದು ನಿಂತಿತು. ಸರಂತುಯಾ ಒಂದು ಕೈಯಲ್ಲಿ ಹಬ್ಬದ ಚೀಲಗಳು, ಇನ್ನೊಂದು ಕೈಯಲ್ಲಿ ಕಿವಿಗೊತ್ತಿದ ಫೋನು, ಕಚೇರಿಯವರ ಜೊತೆ ಏರುದನಿಯಲ್ಲಿ ಮಾತಾಡುತ್ತಲೇ ಬಾಗಿಲು ತಳ್ಳಿ ಒಳಗೆ ಬಂದಳು. ಅವಳ ಬೆನ್ನ ಹಿಂದೆ, ಅಂಗಳದಲ್ಲಿ, ಕಾರು ಮೂರು ಸಲ ಕೂಗಿತು.

ದೂಲ್ಮಾಳ ಕೈ ಕಡುಬಿನ ಮೇಲೇ ನಿಂತಿತು. ಗೊಂಬೊ ಬಟ್ಟಲು ಕೆಳಗಿಟ್ಟ. ಮಗಳು ಫೋನಿನಲ್ಲಿ ಯಾರನ್ನೋ ಅಜಾಗರೂಕತೆಗಾಗಿ ತರಾಟೆಗೆ ತೆಗೆದುಕೊಂಡು ಮುಗಿಸಿ, ತಿರುಗಿ ನೋಡಿದಾಗ ಅಪ್ಪನ ಅಂಗೈ ಅವಳ ಮುಂದೆ ಚಾಚಿಕೊಂಡಿತ್ತು.

“ಏನಪ್ಪಾ?”

“ಗಾಡಿ ಆನ್ ಇಟ್ಟು ಇಳಿದವರಿಗೆ ಗಾಡಿ ಇಲ್ಲ.”

ಸರಂತುಯಾ ಬಾಯಿ ತೆರೆದಳು. ಹೊರಗೆ ಎಂಜಿನ್ ತಾನಾಗಿಯೇ ಗುರ್ರೆಂದಿತು. ಬಾಯಿ ಮುಚ್ಚಿಕೊಂಡು ಕೋಟಿನ ಜೇಬಿಗೆ ಕೈ ಹಾಕಿದಳು. ದೂಲ್ಮಾ ಹಿಟ್ಟಿನ ಕೈಯನ್ನೇ ಬಾಯಿಗೆ ಒತ್ತಿಕೊಂಡು ನಕ್ಕಳು.

ಗೊಂಬೊ ಬೂಟನ್ನೂ ಸರಿಯಾಗಿ ಏರಿಸಿಕೊಳ್ಳದೆ ಅಂಗಳಕ್ಕೆ ಹೋದ. ಸ್ಟೀರಿಂಗ್ ಮುಂದೆ ಕೂತು ಗುಂಡಿ ಒತ್ತಿದ. ಕಾರು ಏನೂ ಅನ್ನಲಿಲ್ಲ. ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದುಕೊಂಡು, ಒಳಗಿನಿಂದ ಹೆಂಡತಿ ಮೂರು ಸಲ ಊಟಕ್ಕೆ ಕರೆಯುವವರೆಗೂ ಅವನು ಅಲ್ಲೇ ಕೂತಿದ್ದ. ಆಮೇಲೆ ಇಳಿದು, ಬಾಗಿಲು ಹಾಕಿ, ಕಂಬಳಿ ಹೊದಿಸಿ, “ಹೋಗಿ ಬರ್ತೀನಿ” ಎಂದು ಈ ಸಲ ತಾನೇ ಹೇಳಿ ಒಳಗೆ ಹೋದ.